ಆಫ್ ಮೈಸ್ ಅಂಡ್ ಮೆನ್: ಮೊಲದ ಕಥಿ ಅಂತ ತಗೊಂಡ್ರ ನಾ ಜವಾಬ್ದಾರ ಅಲ್ಲ

ಖರೇ ಹೇಳ್ಬೇಕಂದ್ರ ಈ ಬುಕ್ ನಾ ಆರಿಸಿದ್ದು ತೆಳ್ಳಗೈತಿ ಅಂತ, ಬ್ಯಾರೆ ಏನೂ ಕಾರಣ ಇಲ್ಲ. ಗಂಗಾವತಿಯಾಗ ಡಿಗ್ರಿ ಓದಾಕತ್ತೀನಿ, ನಮ್ಮ ಇಂಗ್ಲಿಷ್ ಮೇಡಂ ಗೆಳೆತನದ ಮ್ಯಾಲೆ ಬರೆದಿರೋ ಯಾವುದರ ಒಂದು ಕ್ಲಾಸಿಕ್ ಕಾದಂಬರಿ ಓದ್ರಿ, ಗೈಡ್ ನೋಡಿ ಬರೀಬ್ಯಾಡ್ರಿ, ಓದಿದ ಮ್ಯಾಲೆ ನಿಮಗ ಏನನಿಸ್ತೋ ಅದನ್ನ ನಾಕು ಪುಟ ಬರ್ಕೊಂಡು ಬರ್ರಿ ಅಂದ್ರು, ಲಿಸ್ಟಿನಾಗ ಎಂಟ್ಹತ್ತು ಹೆಸರಿದ್ವು, ಒಂದೊಂದು ಮುನ್ನೂರು ನಾನ್ನೂರು ಪುಟ, ಇದೊಂದ ನೂರು ಪುಟದ ಆಜುಬಾಜು ಇತ್ತು. ಜಾನ್ ಸ್ಟೈನ್‌ಬೆಕ್ ಬರೆದ ಆಫ್ ಮೈಸ್ ಅಂಡ್ ಮೆನ್. ಆನ್‌ಲೈನ್‌ನಾಗ 140 ರೂಪಾಯಿ, ಕ್ಯಾಶ್ ಆನ್ ಡೆಲಿವರಿ, ಐದು ದಿನಕ್ಕ ಹಾಸ್ಟೆಲ್ಲಿಗೆ ಬಂತು.

ಕವರ್ ಮ್ಯಾಲಿನ ಹೆಸರು ನೋಡಿ ರೂಮ್‌ಮೇಟು "ಏನ್ಲೇ ಇದು, ಮೈಸೂರು ಗಂಡಸ್ರ ಬುಕ್ಕಾ?" ಅಂದ. ಮೈಸ್ ಅಂದ್ರ ಇಲಿ ಲೇ ಅಂದೆ. "ಇಲಿ ಬಗ್ಗೆ ತಿಳ್ಕೊಳ್ಳಾಕ 140 ಯಾಕ ಕೊಟ್ಟಿ, ಕೆಳಗ ಅಡಿಗಿಮನಿಯಾಗ ಹೋಗಿ ಕುಂದ್ರು, ಪುಕ್ಕಟ್ಟೆ ಕಾಣ್ತಾವ" ಅಂದ. ಅದೂ ಖರೇನ.

ಮೊದ್ಲು ಸಾಮಾನಿನ ಕಥಿ ಮುಗಿಸಿಬಿಡ್ತೀನಿ, ಆಮ್ಯಾಲೆ ಒಳಗಿನ ಕಥಿ. ಅಕ್ಷರ ಸಾಸ್ವಿ ಕಾಳಿನಂಗ ಅದಾವ, ಹಾಳಿ ಬೆಳಕಿಗೆ ಹಿಡಿದ್ರ ಹಿಂದಿನ ಪುಟಾನೂ ಓದಬಹುದು, ಗಮ್ಮಂತೂ ಕೇಳಬ್ಯಾಡ್ರಿ, ಏಪ್ರಿಲ್ ತಿಂಗಳು ಕಿಟಕಿ ಬಾಜೂಕ ಇಟ್ಟಿದ್ದೆ, ಗಂಗಾವತಿ ಬಿಸಿಲು ಗೊತ್ತಲ್ಲ, ಮೂರನೇ ದಿನಕ್ಕ ಮೊದಲನೇ ಹದಿನಾರು ಪುಟ ಒಂದ ಗಂಟಾಗಿ ಕೈಯಾಗ ಬಂದ್ವು. ಫೆವಿಕಾಲ್ ಹಚ್ಚಿ ಮ್ಯಾಲೆ ಡಿಕ್ಷನರಿ ಹೇರಿ ಒಂದು ರಾತ್ರಿ ಬಿಟ್ಟೆ, ಈಗ ಗಟ್ಟಿ ಐತಿ, ಆದ್ರ ಅಷ್ಟು ಜಾಗ ಪೂರ್ತಿ ತೆರಿಯಂಗಿಲ್ಲ, ಬಗ್ಗಿ ಇಣುಕಿ ಓದಬೇಕು. ಪ್ರಿಂಟ್ ಹಾಕಿದವ್ರ ಹೆಸರು ಹೇಳಂಗಿಲ್ಲ, ತಗೊಳ್ಳೋರು ಇದ್ರ ನೂರು ರೂಪಾಯಿ ಜಾಸ್ತಿ ಆದ್ರೂ ಚಲೋ ಎಡಿಷನ್ ನೋಡಿ ತಗೋರಿ ಅಷ್ಟ.

ಇನ್ನೊಂದು, ಸಣ್ಣ ಬುಕ್ಕು ಅಂದ್ರ ಸರಳ ಇಂಗ್ಲಿಷು ಅಂತ ತಿಳ್ಕೊಬ್ಯಾಡ್ರಿ ನಾ ತಿಳ್ಕೊಂಡಂಗ. ವಾಕ್ಯ ಸಣ್ಣವು ಖರೆ, ಆದ್ರ ಮಾತಾಡೋರು ಕ್ಯಾಲಿಫೋರ್ನಿಯಾದ ಹೊಲದ ಕೂಲಿ ಮಂದಿ, ಅರ್ಧ ಅಕ್ಷರ ನುಂಗಿ ಮಾತಾಡ್ತಾರ, ಎರಡು ಮಾತಿಗೆ ಒಂದು ಬೈಗಳ, ಡಿಕ್ಷನರಿಯಾಗ ಹುಡುಕಿದ್ರ ಅರ್ಧಕ್ಕರ್ಧ ಪದ ಇಲ್ಲ. ಎರಡನೇ ದಿನ ತಲಿಕೆಟ್ಟು ಜೋರಾಗಿ ಓದಾಕ ಶುರು ಮಾಡಿದೆ, ಕಣ್ಣಿಗೆ ತಿಳೀಲಾರದ್ದು ಕಿವಿಗೆ ತಿಳೀತು. ನಾವು ಇಲ್ಲಿ ಮಾತಾಡೋದನ್ನ ಇದ್ದದ್ದು ಇದ್ದಂಗ ಬರೆದುಬಿಟ್ರ ಮಂಡ್ಯದ ಕಡಿ ಹುಡುಗ ಎಷ್ಟೊತ್ತು ತಿಣಕ್ಯಾನು, ಹಂಗ ಇದು. ನಮ್ಮ ಇಂಗ್ಲಿಷ್ ಕಚ್ಚಾ ಅಂತ ನಾಚ್ಕೊಂಡು ಕುಂತಾವ್ರಿಗೆ ಈ ಬುಕ್ ಓದಿದ್ರ ಒಂಥರಾ ಧೈರ್ಯ ಬರ್ತೈತಿ, ನೊಬೆಲ್ ಬಂದಾಂವ (1962ರಾಗ ಬಂತು) ಇಂಥ ಇಂಗ್ಲಿಷ್ ಬರೆದಾನ ಅಂದ್ಮ್ಯಾಲೆ.

ಹೆಸರು ಬಂದಿದ್ದು ರಾಬರ್ಟ್ ಬರ್ನ್ಸ್ ಅಂತ ಸ್ಕಾಟ್ಲೆಂಡಿನ ಕವಿ 1785ರಾಗ ಬರೆದ ಒಂದು ಪದ್ಯದಿಂದ. ಅಂವನೂ ಒಕ್ಕಲುತನದಾಂವ, ಹೊಲದಾಗ ರಂಟಿ ಹೊಡಿಯೋವಾಗ ಇಲಿ ಗೂಡು ಕಿತ್ತು ಹೋಗ್ತೈತಿ, ಚಳಿಗಾಲಕ್ಕಂತ ಅದು ಪಾಪ ಹುಲ್ಲು ಸೇರಿಸಿ ಕಟ್ಟಿರ್ತೈತಿ, ಅದಕ್ಕ ಇಂವ ತಪ್ಪಾತಪಾ ಅಂತ ಕೇಳ್ಕೊಂಡು, ಇಲಿ ಆಗ್ಲಿ ಮನುಷ್ಯ ಆಗ್ಲಿ ಎಷ್ಟು ಚೆಂದ ಪ್ಲಾನ್ ಹಾಕಿದ್ರೂ ಕೆಡೋದು ಕೆಡ್ತೈತಿ ಅಂತ ಬರೆದಾನ. ಇದನ್ನ ನಮ್ಮ ಕಡಿ ಮಂದಿಗೆ ಬಿಡಿಸಿ ಹೇಳೋದೇನೂ ಬ್ಯಾಡ, 2024ರ ಆಗಸ್ಟ್‌ನಾಗ ಟಿಬಿ ಡ್ಯಾಮಿನ (ನಮ್ಮ ಕಾಲುವಿಗೆ ನೀರು ಕೊಡೋ ತುಂಗಭದ್ರಾ ಡ್ಯಾಮು) 19ನೇ ಗೇಟು ಚೈನ್ ಕಡಿದು ಕೊಚ್ಚಿಕೊಂಡು ಹೋದ ದಿನ ಗಂಗಾವತಿ ಕಾರಟಗಿ ಸಿಂಧನೂರಾಗ ಯಾರ್ಯಾರ ಮಾರಿ ಹೆಂಗಾಗಿತ್ತು ಅಂತ ನೋಡಿದವ್ರಿಗೆ ಈ ಪದ್ಯ ಗೊತ್ತೈತಿ.

ಈಗ ಕಥಿ. ಪೂರ್ತಿ ಹೇಳ್ತೀನಿ, ಕೊನಿ ಗೊತ್ತಾಗಬಾರದು ಅನ್ನೋರು ಇಲ್ಲೇ ನಿಂದ್ರಿ.

ಜಾರ್ಜ್ ಅಂತ ಒಬ್ಬ, ಸಣ್ಣಾಳು, ಚುರುಕು. ಲೆನ್ನಿ ಅಂತ ಒಬ್ಬ, ಎತ್ತಿನಂಥ ಮೈ, ಸಣ್ಣ ಹುಡುಗನ ಬುದ್ಧಿ. 1930ರ ದಶಕ, ಅಮೆರಿಕಾದಾಗ ಕೆಲಸ ಇಲ್ಲ ಬೊಗಸಿ ಇಲ್ಲ ಅನ್ನೋ ಟೈಮು, ಇವ್ರಿಬ್ರೂ ಹಾಸಿಗಿ ಸುತ್ತಿ ಬೆನ್ನಿಗೆ ಹಾಕ್ಕೊಂಡು ಊರೂರು ಹೊಲ ತಿರುಗ್ತಾರ. ಸೋಲೆಡಾಡ್ ಅನ್ನೋ ಊರ ಹತ್ರ ಒಂದು ದೊಡ್ಡ ಹೊಲದಾಗ ಕೆಲಸ ಸಿಗ್ತೈತಿ, ತಿಂಗಳಿಗೆ 50 ಡಾಲರ್, ಅಲ್ಲಿಗೆ ಹೋಗೋವಾಗ ಬಸ್ಸಿನಾಂವ ಇಲ್ಲೇ ಹತ್ರ ಐತಿ ಅಂತ ಇಳಿಸಿಬಿಡ್ತಾನ, ನೋಡಿದ್ರ ನಾಕು ಮೈಲಿ ಉಳಿದಿರ್ತೈತಿ. ಈ ಸಾಲು ಓದಿ ನಾ ಒಬ್ನ ನಕ್ಕೆ. ಕ್ರಾಸಿಗೆ ಇಳಿಸಿ "ಹಿಂಗ ಹೋಗ್ರಿ ಬಂದುಬಿಡ್ತೈತಿ" ಅನ್ನೋ ಡ್ರೈವರು ಎಲ್ಲಾ ದೇಶದಾಗೂ ಅದಾನ.

ನಮ್ಮೂರು ಕುಷ್ಟಗಿ ತಾಲೂಕಿಂದು, ಮಳಿ ನಂಬಿದ ಭೂಮಿ. ಇದ ಜಿಲ್ಲಾದಾಗ ಗಂಗಾವತಿ ಕಡಿ ಎಡದಂಡಿ ಕಾಲುವಿ ನೀರು, ಕಣ್ಣು ಹಾಯೋತನಕ ಭತ್ತ, ನಮ್ಮ ಕಡಿ ಸಜ್ಜಿ, ಶೇಂಗಾ, ತೊಗರಿ, ಅದೂ ಬಂದ್ರ ಬಂತು. ಹಂಗಾಗಿ ಗುಳೆ ಅಂದ್ರ ಏನಂತ ನನಗ ಬುಕ್ಕಿನಿಂದ ತಿಳೀಬೇಕಾಗಿಲ್ಲ. ರಾತ್ರಿ ಬೆಂಗಳೂರು ಬಸ್ಸಿಗೆ ಕುಷ್ಟಗಿ ಬಸ್ ಸ್ಟ್ಯಾಂಡಿನಾಗ ಹಾಸಿಗಿ ಸುತ್ತಿದ ಗಂಟು, ರೊಟ್ಟಿ ಬುತ್ತಿ, ಸಿಮೆಂಟ್ ಚೀಲದಾಗ ಪಾತ್ರಿ ಇಟ್ಕೊಂಡು ಕುಂತಿರೋ ಮಂದೀನ ನಾ ಹುಟ್ಟಿದಾಗಿಂದ ನೋಡೀನಿ, ನಮ್ಮ ಕಾಕಾ ಹನ್ನೆರಡು ವರ್ಷ ಹಂಗ ಹೋಗಿ ಬಂದಾನ. ಅಮೆರಿಕಾ ಅಂದ್ರ ಬರೇ ಕಂಪ್ಯೂಟರ್ ಮಂದಿ ಅಂತ ತಿಳ್ಕೊಂಡಿದ್ದೆ, ಅಲ್ಲೂ ಗಂಟು ಹೊತ್ಕೊಂಡು ತಿರುಗಿದವ್ರು ಇದ್ರು ಅನ್ನೋದು ನನಗ ಹೊಸಾದು.

ಸೋಲೆಡಾಡ್ ಅಂದ್ರ ಸ್ಪ್ಯಾನಿಷ್‌ನಾಗ ಒಂಟಿತನ ಅಂತ. ಊರೇನೂ ಸುಳ್ಳಲ್ಲ, ನಿಜವಾಗ್ಲೂ ಐತಿ, ಆದ್ರ ಬೇಕಂತಲೇ ಆ ಊರು ಹಿಡಿದಾನ ಅನಸ್ತೈತಿ. ಯಾಕಂದ್ರ ಆ ಹೊಲದಾಗ ಇರೋರೆಲ್ಲಾ ಒಬ್ಬೊಬ್ರ, ಜಾರ್ಜ್ ಟೈಮ್ ಸಿಕ್ರ ಕುಂತು ಆಡೋ ಇಸ್ಪೀಟು ಸೈತ ಒಬ್ನ ಆಡೋ ಆಟ. ಇಬ್ರು ಜೊತಿಗೆ ತಿರುಗ್ತಾರ ಅನ್ನೋದ ಅಲ್ಲಿ ಮಂದಿಗೆ ಸೋಜಿಗ, ಧಣಿ ಅಂತೂ ನೀ ಇವನ ಪಗಾರ ಹೊಡ್ಕೊಳ್ಳಾಕ ಜೊತಿ ಇಟ್ಕೊಂಡಿಯೇನು ಅನ್ನೋ ಹಂಗ ಅನುಮಾನ ಪಡ್ತಾನ. ಅದಕ್ಕ ಜಾರ್ಜ್ ಇಂವ ನಮ್ಮ ಸಂಬಂಧಿಕ, ಸಣ್ಣಾಂವಿದ್ದಾಗ ಕುದ್ರಿ ತಲಿಗೆ ಒದ್ದೈತಿ ಅಂತ ಸುಳ್ಳು ಹೇಳ್ತಾನ. ದೋಸ್ತ ಅಂದ್ರ ಯಾರೂ ನಂಬಂಗಿಲ್ಲ, ಅಣ್ತಮ್ಮ ಅಂದ್ರ ನಂಬ್ತಾರ.

ಇವ್ರಿಬ್ರ ಗೆಳೆತನ ಸಿನಿಮಾದಾಗಿನಂಗ ಹೆಗಲ ಮ್ಯಾಲೆ ಕೈ ಹಾಕ್ಕೊಂಡು ಕುಣಿಯೋದಲ್ಲ. ಜಾರ್ಜ್ ಬೈತಾನ, ನೀ ಇಲ್ದಿದ್ರ ನಾ ಆರಾಮ ಇರ್ತಿದ್ದೆ ಅಂತಾನ, ಸತ್ತ ಇಲಿ ಜೇಬಿನಾಗ ಇಟ್ಕೊಂಡು ಸವರ್ತಾನಂತ ಕಸ್ಕೊಂಡು ಒಗಿತಾನ. ಮೊದಲೊಮ್ಮೆ ತಮಾಷಿಗೆ ಹೊಳಿಗೆ ಹಾರು ಅಂದಿರ್ತಾನ, ಈಜು ಬರಲಾರದ ಲೆನ್ನಿ ಹಾರಿಬಿಡ್ತಾನ, ಸಾಯೋ ಹಂಗ ಆಗಿ ಎಳ್ದು ಹೊರಗ ಹಾಕಿದ್ಮ್ಯಾಲೆ, ಹಾರು ಅಂದಾಂವನೂ ಇಂವನ ಅನ್ನೋದು ಮರೆತು, ಉಳಿಸಿದಿ ಅಂತ ಖುಷಿ ಪಡ್ತಾನ. ಅವತ್ತಿನಿಂದ ಜಾರ್ಜ್ ಅಂಥ ತಮಾಷಿ ಬಿಟ್ಟ. ಇಲ್ಲಿ ನಾ ಬುಕ್ ಮುಚ್ಚಿ ಹೊರಗ ಹೋಗಿ ಒಂದು ಚಾ ಕುಡ್ಕೊಂಡು ಬಂದೆ, ಯಾಕಂತ ಹೇಳ್ತೀನಿ.

ನನಗೊಬ್ಬ ದೋಸ್ತ ಅದಾನ, ಹೆಸರು ಬ್ಯಾಡ, ಊರಾಗ ಎಲ್ಲಾರೂ ಪೈಲ್ವಾನ ಅಂತಾರ. ಬುದ್ಧಿಗೇನೂ ಕಡಿಮಿ ಇಲ್ಲ, ಲೆನ್ನಿಗೂ ಅವಂಗೂ ಹೋಲಿಕಿ ಇಲ್ಲ, ಆದ್ರ ನಾ ಹೇಳಿದ್ದಕ್ಕ ಯಾವತ್ತೂ ಎದುರು ಮಾತಾಡಿದಾಂವಲ್ಲ. ಏಳನೇತ್ತದಾಗ ಕ್ಲಾಸಿನ ಟ್ಯೂಬ್‌ಲೈಟ್ ಒಡೆದಿದ್ದು ನಾ, ನೀ ಒಪ್ಕೊಳ್ಳಲೇ ನಿನ್ನ ಮೈ ದಪ್ಪ ಐತಿ ಹೊಡೆತ ತಡಿತೈತಿ ಅಂದೆ, ಒಪ್ಕೊಂಡ, ಬೆತ್ತದ ಹೊಡೆತ ತಿಂದ, ಸಂಜಿಗೆ ಬಂದು ಕೈ ತೋರಿಸಿ ನಕ್ಕ. ಅದು ಉಪಕಾರ ಅಂತ ಅವಂಗ ಇವತ್ತಿಗೂ ಗೊತ್ತಿಲ್ಲ. ಎಸ್ಸೆಸ್ಸೆಲ್ಸಿ ಆದ್ಮ್ಯಾಲೆ ನಾ ಕಾಲೇಜಿಗೆ ಬಂದೆ, ಅಂವ ಬೆಂಗಳೂರಿಗೆ ಸೆಂಟ್ರಿಂಗ್ ಕೆಲಸಕ್ಕ ಹೋದ.

ಜಾರ್ಜ್ ಲೆನ್ನಿಗೆ ಒಂದು ಕಥಿ ಹೇಳ್ತಿರ್ತಾನ, ಇಡೀ ಬುಕ್ಕಿನ ಜೀವ ಅದ. ಮುಂದ ಒಂದಿನ ನಾವು ಒಂದು ಸಣ್ಣ ಹೊಲ ತಗೊಳ್ಳೋದು, ಹತ್ತು ಎಕರೆ, ಸಣ್ಣ ಮನಿ, ಗಾಳಿಯಂತ್ರ, ಹಣ್ಣಿನ ಗಿಡ, ಕೋಳಿ, ಹಂದಿ, ಮೊಲಕ್ಕ ಹಾಕಾಕ ಕುದ್ರಿಮೆಂತೆ ಮೇವು, ಮೊಲ ನೋಡ್ಕೊಳ್ಳೋದು ನಿನ್ನ ಕೆಲಸ. ಲೆನ್ನಿಗೆ ಇದು ಬಾಯಿಪಾಠ ಆಗೇತಿ ಆದ್ರೂ ಮತ್ತ ಮತ್ತ ಹೇಳು ಅಂತಾನ, ನಡುವು ಒಂದು ಮಾತು ಬಿಟ್ರ ಅಂವನ ಸೇರಿಸ್ತಾನ. ನಮ್ಮಜ್ಜಿ ಕಥಿ ಹೇಳೋವಾಗ ನಾವು "ಹೂಂ" ಅನ್ನಲಿಲ್ಲಂದ್ರ ನಿಂದರಿಸಿಬಿಡ್ತಿದ್ಲು, ಇಲ್ಲಿ ಹೂಂ ಅನ್ನೋನಿಗೆ ಹೇಳೋನಿಗಿಂತ ಚೆಂದ ಬರ್ತೈತಿ.

ಯುಗಾದಿ ಸೂಟಿಗೆ ಊರಿಗೆ ಹೋದಾಗ ಇದನ್ನ ಮನ್ಯಾಗ ಹೇಳಿದೆ, ಅವ್ವ ರೊಟ್ಟಿ ಬಡಿಯಾಕತ್ತಿದ್ಲು, ಕಾಕಾ ಬಾಗಲ್ದಾಗ ಕುಂತಿದ್ದ. ಮೇಡಂ ಕ್ಲಾಸಿನಾಗ ಥೀಮು ಸಿಂಬಲ್ಲು ಅಂದಿದ್ರು, ಕಾಕಾನ ಪ್ರಶ್ನೆ ಬ್ಯಾರೇನ.

"ಹತ್ತು ಎಕರೆಗೆ ರೇಟ್ ಏನು?"

600 ಡಾಲರ್ ಅಂತ, ಹೊಲದೋರು ದಿವಾಳಿ ಎದ್ದಾರ, ಮುದುಕಿಗೆ ಆಪರೇಷನ್ ಆಗಬೇಕಾಗೇತಿ ಅದಕ್ಕ ಮಾರ್ತಾರಂತ ಅಂದೆ.

"ಹಂಗಾರ ಪಗಾರ ಖರ್ಚಿಲ್ದಂಗ ಉಳಿಸಿದ್ರ ಒಬ್ಬಂಗ ಒಂದು ವರ್ಷ, ಇಬ್ರಿಗೆ ಆರು ತಿಂಗಳು. ಮತ್ತ ಯಾಕ ತಗೊಂಡಿಲ್ಲ?"

ನಾ ಆ ಲೆಕ್ಕ ಮಾಡೇ ಇರಲಿಲ್ಲ. ಕೈಯಾಗ ಇಬ್ರದೂ ಕೂಡಿ ಹತ್ತು ಡಾಲರ್ ಮಾತ್ರ ಅದಾವ ಕಾಕಾ ಅಂದೆ. ಕಾಕಾ ನಕ್ಕ. "ಹಂಗ ಅನ್ನು. ಉಳಿಯಂಗಿಲ್ಲ ಅದು. ಪಗಾರ ಆದ ದಿನ ಊರಿಗೆ ಹೋಗೂದು, ಕುಡಿಯೂದು, ಸಾಲ ಮುಟ್ಟಸೂದು, ಮತ್ತ ಹೊಸ ಕೆಲಸಕ್ಕ ಹೋಗಾಕ ಚಾರ್ಜು. ಹನ್ನೆರಡು ವರ್ಷ ನಾನೂ ಬಾವಿ ತೋಡಸ್ತೀನಿ ಅಂತಿದ್ದೆ." ಬುಕ್ಕಿನಾಗೂ ಇದ ಐತಿ, ಪಗಾರ ಎಲ್ಲಿ ಹೋಗ್ತೈತಿ ಅಂತ ಜಾರ್ಜ್ ಬಾಯಾಗ ಇಷ್ಟ ಬರ್ತೈತಿ, ನಾ ಕಾಕಾನಿಗೆ ಅದನ್ನ ಹೇಳಿರಲಿಲ್ಲ.

ಆಮ್ಯಾಲೆ ಕ್ಯಾಂಡಿ ಅನ್ನೋ ಮುದುಕ ಬರ್ತಾನ, ಮಷೀನಿನಾಗ ಒಂದು ಕೈ ಕಳ್ಕೊಂಡು ಪರಿಹಾರ 250 ಡಾಲರ್ ತಗೊಂಡಾಂವ, ಉಳಿಸಿದ್ದು, ತಿಂಗಳಿಗೆ ಬರೋದು ಎಲ್ಲಾ ಸೇರಿ 350 ಆಗ್ತೈತಿ, ನನ್ನೂ ಸೇರಿಸ್ಕೊಳ್ರಿ ಅಂತಾನ. ಅಲ್ಲಿತನಕ ಜಾರ್ಜ್ ಹೇಳಿದ್ದು ಬರೇ ಮಲಗಿಸೋ ಕಥಿ, ಈಗ ಒಮ್ಮಿಗೆ ಖರೆ ಆಗೋ ಹಂಗ ಕಾಣ್ತೈತಿ, ಮೂರೂ ಮಂದಿ ಗಪ್ ಆಗಿಬಿಡ್ತಾರ. ಒಂದು ಕೈಯಿನ ಬೆಲಿಗೆ ಅರ್ಧ ಹೊಲ ಬಂತಲ್ಲೋ ಅಂದ್ಲು ಅವ್ವ.

ಈ ಕ್ಯಾಂಡಿಗೆ ಒಂದು ಮುದಿ ನಾಯಿ ಇರ್ತೈತಿ, ಹಲ್ಲಿಲ್ಲ, ನಾರ್ತೈತಿ. ಕಾರ್ಲ್‌ಸನ್ ಅನ್ನಾಂವ ಇದನ್ನ ಗುಂಡು ಹಾಕೋಣು, ಅದಕ್ಕೂ ತ್ರಾಸು ನಮಗೂ ತ್ರಾಸು ಅಂತ ಗಂಟು ಬಿದ್ದು ಹೊರಗ ಒಯ್ತಾನ. ಎಲ್ಲಾರೂ ಒಳಗ ಕುಂತು ಏನೇನೋ ಮಾತಾಡಾಕ ನೋಡ್ತಾರ, ಗುಂಡಿನ ಸಪ್ಪಳ ಯಾವಾಗ ಬರ್ತೈತಿ ಅಂತ ಎಲ್ಲಾರ ಕಿವಿನೂ ಹೊರಗ. ಆ ಎರಡು ಪುಟ ನಾ ಉಸಿರು ಬಿಡಲಾರದ ಓದೀನಿ, ಹೊಡೆದಾಟ ಇಲ್ಲ ಅಳು ಇಲ್ಲ, ಬರೇ ಕಾಯೋದು. ನಮ್ಮಜ್ಜ ಮುದಿ ಎತ್ತು ಸಂತಿಗೆ ಹೊಡೆದು ಬಂದ ದಿನ ಊಟಕ್ಕ ಕುಂತು ಹಿಂಗ ಗ್ವಾಡಿ ನೋಡ್ತಿದ್ದ, ಯಾರು ಕೊಂಡ್ರು ಎಲ್ಲಿಗೆ ಒಯ್ದ್ರು ಅಂತ ಯಾರೂ ಕೇಳಲಿಲ್ಲ, ಎಲ್ಲಾರಿಗೂ ಗೊತ್ತಿತ್ತು. ಆಮ್ಯಾಲೆ ಕ್ಯಾಂಡಿ ಜಾರ್ಜ್ ಮುಂದ, ನನ್ನ ನಾಯಿನ ನಾನ ಹೊಡೀಬೇಕಿತ್ತು, ಪರರ ಕೈಗೆ ಕೊಡಬಾರದಿತ್ತು ಅಂತಾನ. ಈ ಮಾತು ನೆನಪಿಟ್ಕೊಳ್ರಿ.

ಕ್ರೂಕ್ಸ್ ಅಂತ ಇನ್ನೊಬ್ಬ, ಕರಿಯ ಜನಾಂಗದಾಂವ, ಕುದ್ರಿ ಒದ್ದು ಬೆನ್ನು ಸೊಟ್ಟ ಆಗೇತಿ, ಲಾಯದ ಬಾಜೂಕ ಅವಂಗ ಬ್ಯಾರೆ ಖೋಲಿ, ಉಳಿದವ್ರು ಮಲಗೋ ಜಾಗಕ್ಕ ಹೋಗಂಗಿಲ್ಲ, ಅವ್ರ ಜೋಡಿ ಇಸ್ಪೀಟು ಆಡಂಗಿಲ್ಲ. ಬುಕ್ ಓದ್ಕೊಂತ ಕುಂದ್ರತಾನ, ಕಾನೂನು ಪುಸ್ತಕಾನೂ ಇಟ್ಕೊಂಡಾನ, ಆದ್ರ ಬುಕ್ಕಿನಿಂದ ಏನೂ ಉಪಯೋಗ ಇಲ್ಲ ಬಾಜೂಕ ಒಬ್ಬ ಮನುಷ್ಯ ಬೇಕು ಅಂತಾನ. ಇದನ್ನೂ ನಾವು ಅಮೆರಿಕಾಕ್ಕ ಹೋಗಿ ನೋಡಬೇಕಾಗಿಲ್ಲ. ಮರಕುಂಬಿ ಗಂಗಾವತಿ ತಾಲೂಕಿನ ಊರ, ಕಟಿಂಗ್ ಅಂಗಡಿ ಹೋಟ್ಲು ಒಳಗ ಬಿಡೋ ವಿಷಯಕ್ಕ ಎದ್ದ ಜಗಳ 2014ರಾಗ ದಲಿತರ ಗುಡಿಸಲಿಗೆ ಬೆಂಕಿ ಹಚ್ಚೋತನಕ ಹೋಯ್ತು, ಹತ್ತು ವರ್ಷದ ಮ್ಯಾಲೆ 2024ರ ಅಕ್ಟೋಬರ್‌ನಾಗ ಕೊಪ್ಪಳ ಕೋರ್ಟು 98 ಮಂದಿಗೆ ಜೀವಾವಧಿ ಕೊಡ್ತು. ಆ ತೀರ್ಪಿನ ಸುದ್ದಿ ನಮ್ಮ ಹಾಸ್ಟೆಲ್‌ನಾಗ ಬಂದ ರಾತ್ರಿ ಯಾರ್ಯಾರು ಮಾತಾಡಿದ್ರು ಯಾರ್ಯಾರು ಸುಮ್ನಿದ್ರು ಅಂತ ನನಗ ಇನ್ನೂ ನೆನಪೈತಿ. ಕ್ರೂಕ್ಸ್ ಒಂದು ಮಾತು ಹೇಳ್ತಾನ, ತಲಿಯಾಗ ಹೊಲ ಹೊತ್ಕೊಂಡು ಬಂದವ್ರನ್ನ ನೂರಾರು ಮಂದಿ ನೋಡೀನಿ, ಒಬ್ಬಂಗೂ ಸಿಕ್ಕಿಲ್ಲ ಅಂತ. ಅಷ್ಟು ಹೇಳಿದಾಂವನೂ ಐದು ನಿಮಿಷಕ್ಕ, ನಾನೂ ಬರ್ಲೇನು, ಪುಕ್ಕಟ್ಟೆ ದುಡಿತೀನಿ ಅಂತಾನ. ಆಗ ಕರ್ಲಿ ಹೇಣ್ತಿ ಬಂದು ನಿನ್ನ ಗಿಡಕ್ಕ ನೇತು ಹಾಕಸ್ತೀನಿ ಅಂದಕೂಡ್ಲೆ ಮತ್ತ ಮುದುಡ್ಕೊಂಡು ಬಿಡ್ತಾನ.

ಕರ್ಲಿ ಅಂದ್ರ ಧಣಿ ಮಗ. ಅವನ ಹೇಣ್ತಿಗೆ ಹೆಸರಿಲ್ಲ, ಬುಕ್ಕಿನ ತುಂಬ ಕರ್ಲಿ ಹೇಣ್ತಿ ಕರ್ಲಿ ಹೇಣ್ತಿ. ಅವ್ವ ರೊಟ್ಟಿ ತಿರುವಿ ಹಾಕಿ "ಅಕಿ ಹೆಸರೇನು" ಅಂದ್ಲು, ಇಟ್ಟಿಲ್ಲ ಬೇ ಅಂದೆ. "ನಾಯಿ ಹೊಡೆದಾಂವಗ ಹೆಸರೈತಿ, ಅಕಿಗಿಲ್ಲ. ಚಲೋ ಬರೆದಾನ ಬಿಡು" ಅಂದ್ಲು. ಮೇಡಂ ಏನೋ ಅದು ಬೇಕಂತ ಮಾಡಿದ್ದು, ಆ ಹೊಲದಾಗ ಅಕಿನ್ನ ಒಬ್ಬ ಮನುಷ್ಯಳು ಅಂತ ಯಾರೂ ನೋಡಂಗಿಲ್ಲ ಅನ್ನೋದು ತೋರಸಾಕ ಅಂತಾರ. ಇರಬಹುದು. ಆದ್ರ ಅಕಿ ತನ್ನ ಮನಸ್ಸಿನ ಮಾತು ಬಿಚ್ಚಿ ಹೇಳೋದು ಒಂದ ಒಂದು ಸಲ, ಅದೂ ಲೆನ್ನಿ ಮುಂದ, ಹೇಳಿ ಮುಗಿಸೋದ್ರಾಗ ಸಾಯ್ತಾಳ. ನಾನು ಅವ್ವನ ಪಾರ್ಟಿ.

ಸಾಯೋದು ಹೆಂಗಂದ್ರ ಲೆನ್ನಿಗೆ ಮೆತ್ತಗಿರೋದನ್ನ ಸವರೋ ಹುಚ್ಚು, ಅಕಿ ಕೂದಲು ಮುಟ್ಟಿ ನೋಡು ಅಂತಾಳ, ಜೋರು ಸವರಾಕ ಹತ್ತಿದ್ಮ್ಯಾಲೆ ಬಿಡು ಅಂತ ಚೀರ್ತಾಳ, ಇಂವ ಹೆದರಿ ಬಾಯಿ ಒತ್ತಿ ಹಿಡಿದು ಅಲ್ಲಾಡಸ್ತಾನ, ಕುತ್ತಿಗಿ ಮುರಿತೈತಿ. ಕರ್ಲಿ ಬಂದೂಕು ತಗೊಂಡು ಮಂದಿ ಕೂಡಿಸ್ತಾನ. ಜಾರ್ಜ್ ಎಲ್ಲಾರಿಗಿಂತ ಮೊದ್ಲು ಹೊಳಿ ದಂಡಿಗೆ ಹೋಗ್ತಾನ, ಮೊದಲನೇ ಅಧ್ಯಾಯದ ಅದ ಜಾಗ (ಆರ ಅಧ್ಯಾಯ, ಒಂದೊಂದೂ ಒಂದ ಜಾಗದಾಗ ನಡಿತೈತಿ, ಪರದೆ ಎಳೆದಂಗ, ಅದಕ್ಕ ಬುಕ್ ಬಂದ 1937ರಾಗ ಅದ ವರ್ಷ ನ್ಯೂಯಾರ್ಕಿನಾಗ ನಾಟಕಾನೂ ಆಯ್ತು). ಲೆನ್ನಿಗೆ ಹೊಳಿ ಆಚಿ ನೋಡು ಅಂತಾನ, ಹೊಲದ ಕಥಿ ಹೇಳಾಕ ಶುರು ಮಾಡ್ತಾನ, ಮೊಲದ ಮಾತು ಬಂದಾಗ ಹಿಂದಿನಿಂದ ತಲಿಗೆ ಗುಂಡು. ಅದ ಕಾರ್ಲ್‌ಸನ್ನನ ಪಿಸ್ತೂಲು, ನಾಯಿಗೆ ಹಾರಿಸಿದ್ದು.

ಮೂರು ದಿನ ನನಗ ಸಿಟ್ಟು ಇಳೀಲಿಲ್ಲ. ರೂಮ್‌ಮೇಟು ಪೂರ್ತಿ ಕಥಿ ಕೇಳಿ, ಇಲ್ಲಂದ್ರ ಕರ್ಲಿ ಹೊಟ್ಟಿಗೆ ಗುಂಡು ಹಾಕ್ತಿದ್ದ, ಇಲ್ಲಾ ಜೈಲಿನಾಗ ಕಟ್ಟಿ ಹಾಕ್ತಿದ್ರು, ಇದ ಚಲೋ ಅಂದ. ಬುಕ್ಕಿನ ಲೆಕ್ಕಾನೂ ಅದ. ಆದ್ರ ಲೆನ್ನಿನ್ನ ಒಂದು ಮಾತು ಕೇಳಿದ್ರಾ ಯಾರರ? ನಾಯಿನ್ನೂ ಕೇಳಿರಲಿಲ್ಲ. ಕ್ಯಾಂಡಿ ಮಾತಿನ ಪ್ರಕಾರ ನಮ್ಮವ್ರನ್ನ ನಾವ ಹೊಡಿಬೇಕು ಅನ್ನೋದು ಪ್ರೀತಿ ಅಂತಾದ್ರ, ಆ ಪ್ರೀತಿಯಾಗ ಲೆನ್ನಿ ನಾಯಿ ಜಾಗದಾಗ ಅದಾನ, ದೋಸ್ತನ ಜಾಗದಾಗ ಅಲ್ಲ. ಇನ್ನೊಂದು ಓದಿದೆ, 1937ರಾಗ ಪೇಪರಿನವ್ರು ಕೇಳಿದಾಗ ಸ್ಟೈನ್‌ಬೆಕ್ಕ ಹೇಳ್ಯಾನ, ಲೆನ್ನಿ ಅಂಥಾಂವ ನಿಜವಾಗ್ಲೂ ಇದ್ದ, ನಾನ ಅವನ ಜೋಡಿ ಹೊಲದಾಗ ದುಡಿದೀನಿ, ಅಂವ ಹೆಣ್ಮಗಳನ್ನ ಕೊಂದಿಲ್ಲ, ತನ್ನ ದೋಸ್ತನ್ನ ಕೆಲಸದಿಂದ ತಗದ್ರು ಅಂತ ಮೇಸ್ತ್ರಿಗೆ ಹುಲ್ಲು ಎತ್ತೋ ಕವಲುಗೋಲಿಲೆ ತಿವಿದ, ಹುಚ್ಚರ ಆಸ್ಪತ್ರಿಯಾಗ ಅದಾನ ಅಂತ. ಅಂದ್ರ ಖರೆ ಲೆನ್ನಿ ತನ್ನ ದೋಸ್ತನ ಸಲುವಾಗಿ ಕೊಂದಾಂವ, ಬುಕ್ಕಿನಾಗ ಅದು ಉಲ್ಟಾ ಆಗೇತಿ. ನನಗ ಆ ಖರೆ ಕಥಿನ ಬೇಕಾಗಿತ್ತು ಅನಸ್ತು ಸ್ವಲ್ಪ ಹೊತ್ತು. (ಈ ಬುಕ್ ಮೊದಲ ಸಲ ಬರೆದಾಗ ಅರ್ಧ ಅವನ ನಾಯಿಮರಿ ಹರಿದು ಹಾಕಿತ್ತಂತ, ಎರಡು ತಿಂಗಳ ಕೆಲಸ, ಮತ್ತ ಕುಂತು ಬರೆದ. ಅಸೈನ್‌ಮೆಂಟ್ ನಾಯಿ ತಿಂತು ಅಂತ ನಾವು ಹೇಳಿದ್ರ ಮೇಡಂ ನಂಬಂಗಿಲ್ಲ.)

ಸಿಟ್ಟು ಇಳಿದಿದ್ದು ಐದನೇ ಅಧ್ಯಾಯದ ಒಂದು ಮಾತು ಎರಡನೇ ಸಲ ಓದಿದಾಗ. ಕರ್ಲಿ ಹೇಣ್ತಿ ಸತ್ತಿದ್ದು ನೋಡಿದ್ಮ್ಯಾಲೆ ಜಾರ್ಜ್ ಮೆತ್ತಗ ಹೇಳ್ತಾನ, ಇದು ಆಗಂಗಿಲ್ಲ ಅಂತ ನನಗ ಮೊದಲಿಂದ ಗೊತ್ತಿತ್ತು ಅನಸ್ತೈತಿ, ಲೆನ್ನಿಗೆ ಕೇಳಾಕ ಎಷ್ಟು ಇಷ್ಟ ಅಂದ್ರ ಹೇಳಿ ಹೇಳಿ ನಾನೂ ಆದೀತೇನೋ ಅಂತ ತಿಳ್ಕೊಂಡೆ ಅಂತ. ಮೊದಲನೇ ಸಲ ಓದಿದಾಗ ಇದನ್ನ ದಾಟಿ ಹೋಗಿದ್ದೆ, ಕೊನಿಗೆ ಏನಾಗ್ತೈತಿ ಅನ್ನೋ ಗಡಿಬಿಡಿಯಾಗ.

ನಾನೂ ಪೈಲ್ವಾನನೂ ಒಂದು ಪ್ಲಾನ್ ಹಾಕೇವಿ, ಒಂಬತ್ತನೇತ್ತ ಇದ್ದಾಗಿಂದ. ನಮ್ಮ ಎರಡು ಎಕರೆಯಾಗ ತಗಡಿನ ಶೆಡ್, ಇಪ್ಪತ್ತು ಕುರಿ, ಬದುವಿನ ಗುಂಟ ಮೇವಿನ ಗಿಡ. ರವಿವಾರ ರಾತ್ರಿ ಅವಂಗ ಸೂಟಿ, ಫೋನ್ ಹಚ್ತಾನ, ಎಲ್ಲಾ ಮಾತಾಡಿ ಕೊನಿಗೆ "ಶೆಡ್ ಎಷ್ಟು ಫೂಟ್ ಅಂದಿ ಲೇ" ಅಂತಾನ, ನಾ ಹೇಳ್ತೀನಿ. ನನಗ ಗೊತ್ತೈತಿ ನಾ ಶೆಡ್ ಹಾಕಂಗಿಲ್ಲ ಅಂತ. ಕಾನ್‌ಸ್ಟೇಬಲ್ ಪರೀಕ್ಷೆಗೆ ಓದಾಕತ್ತೀನಿ, ಅದು ಆಗ್ಲಿಲ್ಲಂದ್ರ ಬಿ.ಎಡ್, ಆ ಎರಡು ಎಕರೆ ಅಪ್ಪ ಹೋದ ವರ್ಷನ ಲೀಸಿಗೆ ಕೊಟ್ಟಾನ, ಇದನ್ನ ನಾ ಇನ್ನೂ ಅವಂಗ ಹೇಳಿಲ್ಲ. ಸಿಮೆಂಟ್ ಧೂಳಿನಾಗ ಕುಂತು ಫೂಟ್ ಕೇಳೋನಿಗೆ ಏನಂತ ಹೇಳ್ಲಿ. ಜಾರ್ಜ್ ಹಂಗ ನನಗೂ ಹೇಳಿ ಹೇಳಿ ಆದೀತೇನೋ ಅನಿಸಿದ್ರ ಚಲೋ ಇತ್ತು, ಅದೂ ಅನಸಂಗಿಲ್ಲ. ಅಸೈನ್‌ಮೆಂಟಿನಾಗ ಇದನ್ನ ಬರೀಲಿಲ್ಲ, ಥೀಮು ಸಿಂಬಲ್ಲು ಬರೆದು ಕೊಟ್ಟೆ, ಹತ್ತಕ್ಕ ಏಳು ಬಂದ್ವು.

ಬುಕ್ ಮುಗಿಸಿದ ರವಿವಾರನೂ ಫೋನ್ ಬಂತು. ಏನ್ ಓದಾಕತ್ತಿ ಅಂದ. ಹೇಳಿದೆ, ಇಬ್ರು ಗುಳೆ ಹೋದವ್ರು, ಹತ್ತು ಎಕರೆ, ಕೈ ಕಳ್ಕೊಂಡ ಮುದುಕನ ರೊಕ್ಕ. ಅಂವ ಭಾಳ ಲಕ್ಷ ಕೊಟ್ಟು ಕೇಳಿದ, ಬಾಜೂಕ ಯಾರೋ ಕರೆದ್ರ "ತಡಿಯೋ ಮಾರಾಯ" ಅಂದ. ಮುದುಕ ರೊಕ್ಕ ಕೊಡ್ತೀನಿ ಅಂದಲ್ಲಿಗೆ ನಿಂದರಿಸಿದೆ.

"ಮುಂದ? ಹೊಲ ತಗೊಂಡ್ರಾ?"

ತಗೊಂಡ್ರು ಅಂದೆ.

"ಮೊಲ?"

ಒಂದು ಜೋಡಿ ತಂದ್ರು ಅಂದೆ.

"ಜೋಡಿ ಸಾಕು ಬಿಡು, ತಿಂಗಳಿಗೊಮ್ಮೆ ಮರಿ ಹಾಕ್ತಾವ. ಆದ್ರ ಕೆಳಗೂ ಜಾಳಿಗಿ ಹೊಡಿಸಬೇಕಿತ್ತು ಅವ್ರು, ಇಲ್ಲಂದ್ರ ನೆಲ ಕೆದರಿ ಹೋಗಿಬಿಡ್ತಾವ. ಆ ದಪ್ಪಾಂವಗ ತಿಳೀತೈತೋ ಇಲ್ಲೋ ಅದು." ಸ್ವಲ್ಪ ಹೊತ್ತು ಸುಮ್ನಿದ್ದು, "ನಮ್ಮ ಶೆಡ್ಡಿಗೂ ಜಾಳಿಗಿ ಬೇಕು ನೋಡು, ನಾಯಿ ಕಾಟಕ್ಕ. ಬರ್ಕೋ" ಅಂದ.

ಬರ್ಕೊಂಡೆ. ಕೈಗೆ ಸಿಕ್ಕಿದ್ದು ಆ ಬುಕ್ಕ, ಕೊನಿ ಪುಟದ ಹಿಂದ ಖಾಲಿ ಜಾಗ ಇತ್ತು.

ಐದಕ್ಕ ನಾಕು ಸ್ಟಾರ್. ಒಂದು ಕಡಿದಿದ್ದು ಗಮ್ಮಿಗೆ.